ಗುಂಡಿ ಒತ್ತುವ ಮೊದಲೇ ಚಿತ್ರ ಕಾಣಬೇಕು: ರೇಡಿಯೋಗ್ರಫಿ ಪದವಿ ಓದುವವರಿಗೆ ಸಮಗ್ರ ಮಾರ್ಗದರ್ಶಿ

ರೇಡಿಯೋಗ್ರಫಿ, ಅಂದರೆ ಎಕ್ಸ್‌-ರೇಯಂಥವುಗಳಿಂದ ದೇಹದೊಳಗಿನ ಚಿತ್ರ ತೆಗೆಯುವ ವಿದ್ಯೆ, ಓದುತ್ತೇನೆ ಎಂದಾಗ ಬಂಧುಗಳು ಕೇಳುವ ಪ್ರಶ್ನೆ ಒಂದೇ: ‘ಒಂದು ಗುಂಡಿ ಒತ್ತುವುದಕ್ಕೆ ಮೂರು ನಾಲ್ಕು ವರ್ಷ ಬೇಕೇ?’ ನನ್ನನ್ನೂ ಕೇಳಿದ್ದರು. ಆಗ ಉತ್ತರ ಹೊಳೆಯಲಿಲ್ಲ, ಈಗ ಇದೆ. ಗುಂಡಿ ಒತ್ತಲು ಒಂದು ಸೆಕೆಂಡ್ ಸಾಕು. ಒತ್ತುವ ಮುನ್ನವೇ ಆ ಚಿತ್ರ ಹೇಗೆ ಬರುತ್ತದೆ, ಯಾವ ಮೂಳೆ ಯಾವುದರ ಮೇಲೆ ಬೀಳುತ್ತದೆ, ಎಲ್ಲಿ ಮಸುಕಾಗುತ್ತದೆ ಎಂದು ಮನಸ್ಸಿನಲ್ಲೇ ಕಾಣುವುದಕ್ಕೆ ವರ್ಷಗಳು ಬೇಕು. ಅಂಗರಚನೆ, ಭೌತಶಾಸ್ತ್ರ, ರೋಗಿಯೊಡನೆ ಮಾತು ಎಂದು ಈ ಪದವಿಯಲ್ಲಿ ಓದುವುದೆಲ್ಲ ಕೊನೆಗೆ ಆ ಒಂದು ಕೌಶಲಕ್ಕೇ ಬಂದು ಸೇರುತ್ತದೆ. ಈ ಬರಹವನ್ನೂ ಅದೇ ದಾರಿಯಲ್ಲಿ ಕರೆದೊಯ್ಯುತ್ತೇನೆ.

ಹೆಜ್ಜೆ 1: ಸೇರುವ ಮೊದಲು ಯಾವ ಬಾಗಿಲು ಎಂದು ನೋಡಿಕೊಳ್ಳಿ

ರೇಡಿಯೋಗ್ರಾಫರ್ ಬೇರೆ, ರೇಡಿಯಾಲಜಿಸ್ಟ್ ಬೇರೆ. ಚಿತ್ರ ತೆಗೆಯುವವರು ಮೊದಲನೆಯವರು. ಎರಡನೆಯವರು ವೈದ್ಯಕೀಯ ಪದವಿ ಮುಗಿಸಿ, ಆಮೇಲೆ ವಿಶೇಷ ತರಬೇತಿ ಪಡೆದು, ಆ ಚಿತ್ರವನ್ನು ಓದಿ ವರದಿ ಬರೆಯುವ ವೈದ್ಯರು. ರೇಡಿಯೋಗ್ರಫಿಯೊಳಗೂ ಎರಡು ಕವಲುಗಳಿವೆ. ರೋಗ ಪತ್ತೆಗೆ ಚಿತ್ರ ತೆಗೆಯುವುದು ಒಂದು, ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ನೀಡುವುದು ಇನ್ನೊಂದು. ಕೆಲವು ದೇಶಗಳಲ್ಲಿ ಇವೆರಡೂ ಬೇರೆ ಬೇರೆ ಪದವಿಗಳು. ಒಂದಕ್ಕೆ ಸೇರಿ ನಡುವೆ ಇನ್ನೊಂದಕ್ಕೆ ಹಾರುವುದು ಸುಲಭವಲ್ಲ. ಮೊದಲನೆಯದರಲ್ಲಿ ಒಬ್ಬ ರೋಗಿಯೊಡನೆ ಕಳೆಯುವುದು ಹತ್ತು ನಿಮಿಷ. ಎರಡನೆಯದರಲ್ಲಿ ಅದೇ ಮುಖವನ್ನು ವಾರಗಟ್ಟಲೆ, ದಿನವೂ ನೋಡುತ್ತೀರಿ. ನಿಮ್ಮ ಸ್ವಭಾವಕ್ಕೆ ಯಾವುದು ಒಗ್ಗುತ್ತದೆ ಎಂಬುದನ್ನು ಅರ್ಜಿ ತುಂಬುವ ಮೊದಲೇ ಯೋಚಿಸಿ. ಈ ಬರಹ ಮೊದಲನೆಯ ಕವಲಿನ ಬಗ್ಗೆ.

ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಹೊಳೆಯುವ ಯಂತ್ರಗಳ ಫೋಟೊ ನೋಡಿ ಮರುಳಾಗಬೇಡಿ. ಮೊದಲು ಕೇಳಬೇಕಾದ್ದು, ಈ ಪದವಿ ಮುಗಿಸಿದವರಿಗೆ ನೀವು ಕೆಲಸ ಮಾಡಬೇಕೆಂದಿರುವ ದೇಶದ ನಿಯಂತ್ರಣ ಮಂಡಳಿ ನೋಂದಣಿ ಕೊಡುತ್ತದೆಯೇ ಎಂದು. ಕೊಡುವುದಿಲ್ಲ ಎಂದಾದರೆ ಉಳಿದ ಪ್ರಶ್ನೆಗಳಿಗೆ ಅರ್ಥವಿಲ್ಲ. ಆಮೇಲೆ ಆಸ್ಪತ್ರೆ ತರಬೇತಿ ಎಷ್ಟು ವಾರ, ಎಷ್ಟು ಆಸ್ಪತ್ರೆಗಳಲ್ಲಿ, ಅಲ್ಲಿ ತುರ್ತು ವಿಭಾಗವೂ ಮಕ್ಕಳ ವಿಭಾಗವೂ ಇವೆಯೇ ಎಂದು ವಿಚಾರಿಸಿ. ವಿದ್ಯಾರ್ಥಿಗಳೇ ಕೈಯಾಡಿಸಬಹುದಾದ ಎಕ್ಸ್‌-ರೇ ಕೊಠಡಿ ಕ್ಯಾಂಪಸ್ಸಿನಲ್ಲಿ ಇದ್ದರೆ ಅದು ದೊಡ್ಡ ಅನುಕೂಲ. ಪ್ರವೇಶಕ್ಕೆ ಸಾಮಾನ್ಯವಾಗಿ ಜೀವಶಾಸ್ತ್ರ, ಭೌತಶಾಸ್ತ್ರ, ಗಣಿತಗಳ ಹಿನ್ನೆಲೆ ಕೇಳುತ್ತಾರೆ. ಹೆಪಟೈಟಿಸ್ ಬಿ ಲಸಿಕೆ, ವೈದ್ಯಕೀಯ ತಪಾಸಣೆಯಂಥ ಕಾಗದಪತ್ರಗಳೂ ಇರುತ್ತವೆ. ಇವನ್ನು ಮುಂದೂಡಿದವರು ತರಬೇತಿಯ ಮೊದಲ ವಾರ ಹೊರಗೆ ಕುಳಿತಿರುವುದನ್ನು ಕಂಡಿದ್ದೇನೆ.

ಸಾಧ್ಯವಾದರೆ ಅನುಮತಿ ಪಡೆದು ಒಂದು ದಿನ ಯಾವುದಾದರೂ ಎಕ್ಸ್‌-ರೇ ವಿಭಾಗದಲ್ಲಿ ನಿಂತು ನೋಡಿ. ನಿಂತು ಎಂದೇ ಹೇಳಿದೆ, ಏಕೆಂದರೆ ಕೂರಲು ಸಿಗುವುದಿಲ್ಲ. ಗಾಲಿಮಂಚ ತಳ್ಳುವುದು, ನೋವಿನಲ್ಲಿರುವವರನ್ನು ಮೆಲ್ಲನೆ ಹೊರಳಿಸುವುದು, ರಕ್ತ, ವಾಂತಿ ಎಲ್ಲವೂ ಅಲ್ಲಿರುತ್ತವೆ. ಸಂಜೆಯ ಹೊತ್ತಿಗೂ ನಿಮ್ಮ ಆಸಕ್ತಿ ಉಳಿದಿದ್ದರೆ ಸೇರಿ.

ಹೆಜ್ಜೆ 2: ಅಂಗರಚನೆಯನ್ನು ನೆರಳಾಗಿ ಕಲಿಯಿರಿ

ವಯಸ್ಕರ ದೇಹದಲ್ಲಿ 206 ಮೂಳೆಗಳು. ಹೆಸರು ಬಾಯಿಪಾಠ ಮಾಡುವುದು ಕಷ್ಟವೇನಲ್ಲ. ಪುಸ್ತಕದ ಬಣ್ಣದ ಚಿತ್ರದಲ್ಲಿ ಒಂದೊಂದು ಮೂಳೆಯೂ ಬೇರೆ ಬೇರೆಯಾಗಿ, ಅಚ್ಚುಕಟ್ಟಾಗಿ ಕೂತಿರುತ್ತದೆ; ಎಕ್ಸ್‌-ರೇಯಲ್ಲಿ ಹಾಗಿರುವುದಿಲ್ಲ. ಅಲ್ಲಿ ಮುಂದಿನದು, ಹಿಂದಿನದು ಎಲ್ಲವೂ ಒಂದೇ ಹಾಳೆಯ ಮೇಲೆ ಬಿದ್ದ ನೆರಳು. ಮಣಿಕಟ್ಟಿನ ಎಂಟು ಪುಟ್ಟ ಮೂಳೆಗಳನ್ನು ಪುಸ್ತಕದಲ್ಲಿ ಸರಾಗವಾಗಿ ಗುರುತಿಸುವವರು ಪಕ್ಕದಿಂದ ತೆಗೆದ ಎಕ್ಸ್‌-ರೇ ಮುಂದೆ ತಬ್ಬಿಬ್ಬಾಗುವುದು ಇದಕ್ಕೇ.

ಆದ್ದರಿಂದ ಓದುವ ಕ್ರಮ ಬದಲಿಸಿ. ಒಂದು ಕೀಲನ್ನು ತೆಗೆದುಕೊಳ್ಳಿ. ಪಕ್ಕದಲ್ಲಿ ಮೂಳೆಯ ಮಾದರಿ, ಎದುರಿಗೆ ಸಹಜ ಎಕ್ಸ್‌-ರೇ, ಕೈಯಲ್ಲಿ ಪೆನ್ಸಿಲ್ ಇರಲಿ. ಮಾದರಿಯನ್ನು ಟಾರ್ಚ್ ಬೆಳಕಿಗೆ ಹಿಡಿದು ಗೋಡೆಯ ಮೇಲೆ ನೆರಳು ಬೀಳಿಸಿ, ಹತ್ತು ಡಿಗ್ರಿ ತಿರುಗಿಸಿ, ನೆರಳು ಹೇಗೆ ಬದಲಾಯಿತು ಎಂದು ನೋಡಿ. ನೋಡಿದ್ದನ್ನು ಬಿಡಿಸಿ. ಚಿತ್ರಕಲೆ ಬರುವುದಿಲ್ಲ ಎಂಬ ನೆಪ ಬೇಡ, ನನ್ನ ಮೊಣಕಾಲಿನ ಚಿತ್ರ ಗೆಣಸಿನಂತೆ ಇತ್ತು. ಆದರೂ ಆ ಗೆಣಸು ಬಿಡಿಸಿದ ಮೇಲೆ ಮೊಣಕಾಲು ಮರೆತಿಲ್ಲ.

ಇನ್ನೊಂದು ಪಾಠ ನಿಮ್ಮ ಮೈಮೇಲೆಯೇ ಇದೆ. ಕುತ್ತಿಗೆ ಬಗ್ಗಿಸಿದಾಗ ಹಿಂದೆ ಉಬ್ಬುವ ಗಂಟು ಕುತ್ತಿಗೆಯ ಏಳನೆಯ ಕಶೇರು, ಅಂದರೆ ಬೆನ್ನುಮೂಳೆಯ ಮಣಿ. ಹೆಗಲೆಲುಬಿನ ಕೆಳತುದಿ ಎದೆಭಾಗದ ಏಳನೆಯ ಕಶೇರುವಿನ ಮಟ್ಟದಲ್ಲಿರುತ್ತದೆ. ಸೊಂಟದ ಮೇಲೆ ಕೈಯಿಟ್ಟಾಗ ಸಿಗುವ ಮೂಳೆಯ ಅಂಚು ಸೊಂಟಭಾಗದ ನಾಲ್ಕನೆಯ ಕಶೇರುವಿನ ಆಸುಪಾಸು. ಕಿರಣವನ್ನು ಎಲ್ಲಿಗೆ ಗುರಿಯಿಡಬೇಕು ಎಂಬುದನ್ನು ಈ ಗುರುತುಗಳೇ ಹೇಳುತ್ತವೆ. ಕಣ್ಣು ಮುಚ್ಚಿ ಬೆರಳಿನಿಂದ ಹುಡುಕುವುದನ್ನು ಅಭ್ಯಾಸ ಮಾಡಿ, ಏಕೆಂದರೆ ರೋಗಿಗಳು ಪಠ್ಯಪುಸ್ತಕದ ಅಳತೆಯಲ್ಲಿ ಬರುವುದಿಲ್ಲ.

ಹೆಜ್ಜೆ 3: ಭೌತಶಾಸ್ತ್ರಕ್ಕೆ ಹೆದರಬೇಡಿ, ಆದರೆ ಹಾರಿಸಲೂ ಬೇಡಿ

ಮೊದಲ ವರ್ಷ ಹೆಚ್ಚಿನವರು ಎಡವುವ ಕಲ್ಲು ಇದು. ಸೂತ್ರಗಳನ್ನು ಪರೀಕ್ಷೆಗೆಂದು ಕಲಿತರೆ ಪರೀಕ್ಷೆಯ ಮರುದಿನ ಹೋಗುತ್ತವೆ. ಪ್ರತಿ ಸೂತ್ರಕ್ಕೂ ‘ಇದರಿಂದ ಚಿತ್ರ ಹೇಗೆ ಬದಲಾಗುತ್ತದೆ?’ ಎಂಬ ಪ್ರಶ್ನೆಯನ್ನು ಕಟ್ಟಿದರೆ ಉಳಿಯುತ್ತವೆ.

ಎಕ್ಸ್‌-ರೇ ಕೊಳವೆಯಲ್ಲಿ ಎಲೆಕ್ಟ್ರಾನುಗಳು ಟಂಗ್‌ಸ್ಟನ್ ಗುರಿಗೆ ಬಡಿಯುತ್ತವೆ. ಆ ಶಕ್ತಿಯಲ್ಲಿ ಸುಮಾರು ಶೇ 99 ಬರೀ ಶಾಖವಾಗಿ ಹೋಗುತ್ತದೆ. ನಮಗೆ ಬೇಕಾದ ಕಿರಣ ಉಳಿದ ಶೇ 1 ಮಾತ್ರ. ಆ ಗುರಿಯಿರುವ ಆನೋಡ್ ಗಿರಗಿರನೆ ಸುತ್ತುವುದೇಕೆ, ಕೊಳವೆ ಬಿಸಿಯಾದಾಗ ಯಂತ್ರ ನಮ್ಮನ್ನು ಕಾಯುವಂತೆ ಮಾಡುವುದೇಕೆ ಎಂಬುದು ಇಲ್ಲಿಗೇ ತಿಳಿಯಿತು. ಕಿಲೋವೋಲ್ಟ್ ಎಂಬುದು ಕಿರಣದ ನುಗ್ಗುವ ಬಲ. ಮಿಲಿಆಂಪಿಯರ್-ಸೆಕೆಂಡ್ ಎಂಬುದು ಕಿರಣದ ಪ್ರಮಾಣ. ಇವೆರಡನ್ನು ಗೊಂದಲ ಮಾಡಿಕೊಂಡವರು ಮೂರನೆಯ ವರ್ಷಕ್ಕೂ ಅದನ್ನು ಹೊತ್ತುಕೊಂಡೇ ಹೋಗುತ್ತಾರೆ.

ದೂರದ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ. ದೂರ ಎರಡು ಪಟ್ಟಾದರೆ ಕಿರಣದ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆ. 100 ಸೆಂಟಿಮೀಟರ್ ದೂರದಲ್ಲಿ 10 ಮಿಲಿಆಂಪಿಯರ್-ಸೆಕೆಂಡ್ ಸಾಕಾಗುತ್ತಿದ್ದರೆ 180 ಸೆಂಟಿಮೀಟರಿಗೆ ಎಷ್ಟು ಬೇಕು? 1.8ರ ವರ್ಗ 3.24. ಹಾಗಾಗಿ ಸುಮಾರು 32. ಇನ್ನೊಂದು ಕೈಲೆಕ್ಕವೂ ಇದೆ: ಕಿಲೋವೋಲ್ಟನ್ನು ಶೇ 15 ಏರಿಸಿದರೆ ಡಿಟೆಕ್ಟರ್ (ಚಿತ್ರ ಹಿಡಿಯುವ ಫಲಕ) ತಲುಪುವ ಕಿರಣ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಅಂದರೆ 70ರಿಂದ 80ಕ್ಕೆ ಹೋದರೆ ಮಿಲಿಆಂಪಿಯರ್-ಸೆಕೆಂಡನ್ನು ಅರ್ಧ ಮಾಡಬಹುದು. ಆದರೆ ಚಿತ್ರದ ಕಪ್ಪು-ಬಿಳುಪಿನ ವ್ಯತ್ಯಾಸ ತಗ್ಗುತ್ತದೆ, ಚದುರುವ ಕಿರಣವೂ ಹೆಚ್ಚುತ್ತದೆ. ಈ ಕೊಡುಕೊಳ್ಳುವಿಕೆ ತಲೆಗೆ ಹೋದರೆ ಅರ್ಧ ಭೌತಶಾಸ್ತ್ರ ಮುಗಿದಂತೆ.

ಡಿಜಿಟಲ್ ಯಂತ್ರಗಳು ಇಲ್ಲಿ ಒಂದು ಬಲೆ ಒಡ್ಡಿವೆ. ಫಿಲ್ಮ್ ಕಾಲದಲ್ಲಿ ಹೆಚ್ಚು ಕಿರಣ ಕೊಟ್ಟರೆ ಚಿತ್ರ ಕಪ್ಪಾಗಿ ತಪ್ಪು ಬಯಲಾಗುತ್ತಿತ್ತು. ಈಗ ಕಂಪ್ಯೂಟರ್ ಅದನ್ನು ತಿದ್ದಿ ಚೆಂದ ಮಾಡಿ ತೋರಿಸುತ್ತದೆ. ಕಡಿಮೆ ಕೊಟ್ಟರೆ ಮಾತ್ರ ಚಿತ್ರ ಕಾಳುಕಾಳಾಗಿ ಕಾಣುತ್ತದೆ. ಹಾಗಾಗಿ ಗೊತ್ತಿಲ್ಲದಂತೆ ಎಲ್ಲರ ಕೈಯೂ ಮೇಲಕ್ಕೇ ಹೋಗುತ್ತದೆ. ಪರದೆಯ ಮೂಲೆಯಲ್ಲಿ ಎಕ್ಸ್‌ಪೋಷರ್ ಇಂಡೆಕ್ಸ್ ಎಂಬ ಸಂಖ್ಯೆ ಇರುತ್ತದೆ, ಡಿಟೆಕ್ಟರಿಗೆ ಎಷ್ಟು ಕಿರಣ ತಲುಪಿತು ಎಂದು ಹೇಳುವುದು ಅದೇ. ಪ್ರತಿ ಚಿತ್ರದ ನಂತರ ಅದನ್ನು ನೋಡುವ ಚಟ ಮೊದಲ ದಿನದಿಂದಲೇ ಬೆಳೆಸಿಕೊಳ್ಳಿ.

ಹೆಜ್ಜೆ 4: ಒಂದು ಪರೀಕ್ಷೆಯನ್ನು ತಳಮಟ್ಟದಿಂದ ಕಲಿಯಿರಿ

ಪೊಸಿಷನಿಂಗ್ ಪುಸ್ತಕದಲ್ಲಿ ನೂರಾರು ಭಂಗಿಗಳಿವೆ. ಎಲ್ಲವನ್ನೂ ಒಟ್ಟಿಗೆ ಕಂಠಪಾಠ ಮಾಡಲು ಹೊರಟರೆ ಯಾವುದೂ ನಿಲ್ಲುವುದಿಲ್ಲ. ಎದೆಯ ಎಕ್ಸ್‌-ರೇ ಒಂದನ್ನೇ ಹಿಡಿದು, ಅದರ ಪ್ರತಿಯೊಂದು ಸೂಚನೆಗೂ ‘ಏಕೆ’ ಕೇಳಿ.

ರೋಗಿ ಡಿಟೆಕ್ಟರಿಗೆ ಎದೆಯಾನಿಸಿ, ನಮಗೆ ಬೆನ್ನು ಹಾಕಿ ಏಕೆ ನಿಲ್ಲಬೇಕು? ಹೃದಯ ದೇಹದ ಮುಂಭಾಗಕ್ಕೆ ಹತ್ತಿರವಿದೆ. ಡಿಟೆಕ್ಟರಿಗೆ ಹತ್ತಿರವಿದ್ದಷ್ಟೂ ನೆರಳು ಹಿಗ್ಗುವುದು ಕಡಿಮೆ. 180 ಸೆಂಟಿಮೀಟರ್ ದೂರವೂ ಅದೇ ಕಾರಣಕ್ಕೆ. ಕೈಗಳನ್ನು ಸೊಂಟಕ್ಕಿಟ್ಟು ಮೊಣಕೈಗಳನ್ನು ಮುಂದಕ್ಕೆ ಏಕೆ ತಳ್ಳಬೇಕು? ಹೆಗಲೆಲುಬುಗಳು ಶ್ವಾಸಕೋಶದ ಮೇಲಿನಿಂದ ಆಚೆ ಸರಿಯಲಿ ಎಂದು. ಗದ್ದ ಮೇಲೆತ್ತುವುದು ಅದರ ನೆರಳು ಶ್ವಾಸಕೋಶದ ತುದಿಯನ್ನು ಮುಚ್ಚದಿರಲಿ ಎಂದು. 110ರಿಂದ 125 ಕಿಲೋವೋಲ್ಟಿನಷ್ಟು ಬಲ ಬಳಸುವುದು ಪಕ್ಕೆಲುಬುಗಳ ಬಿಳುಪು ತಗ್ಗಿ ಅವುಗಳ ಹಿಂದಿನ ಶ್ವಾಸಕೋಶವೂ ಕಾಣಲಿ ಎಂದು. ಪೂರ್ಣ ಉಸಿರೆಳೆಸುವುದು, ಹಿಂಭಾಗದ ಒಂಬತ್ತು ಹತ್ತು ಪಕ್ಕೆಲುಬುಗಳು ವಪೆಯ (ಎದೆ-ಹೊಟ್ಟೆಗಳ ನಡುವಿನ ಸ್ನಾಯು) ಮೇಲೆ ಎಣಿಸಲು ಸಿಗಲಿ ಎಂದು. ಉಸಿರು ಸಾಲದಿದ್ದರೆ ಹೃದಯ ದೊಡ್ಡದಾಗಿ ಕಾಣುತ್ತದೆ, ಶ್ವಾಸಕೋಶದ ಬುಡ ಮಬ್ಬಾಗುತ್ತದೆ. ಇಲ್ಲದ ಕಾಯಿಲೆಯನ್ನು ನಾವೇ ತಯಾರಿಸಿ ಕೊಟ್ಟಂತೆ.

ಚಿತ್ರ ಬಂದ ಮೇಲೆ ಎರಡೂ ಕೊರಳೆಲುಬುಗಳ ಒಳತುದಿ ಬೆನ್ನುಮೂಳೆಯ ನಡುಗೆರೆಯಿಂದ ಸಮದೂರದಲ್ಲಿದೆಯೇ ನೋಡಿ. ಇಲ್ಲವಾದರೆ ರೋಗಿ ತಿರುಗಿದ್ದಾರೆ. ಯಾವ ಕಡೆಗೆ, ಎಷ್ಟು, ಮತ್ತೆ ತೆಗೆಯಲೇಬೇಕೇ ಎಂಬುದನ್ನು ಹೇಳಲು ಬಂದರೆ ಈ ಪರೀಕ್ಷೆ ನಿಮ್ಮದಾಯಿತು.

ಕೈಕಾಲುಗಳಿಗೆ ಬಂದಾಗ ಒಂದು ನಿಯಮ ಎಲ್ಲೆಡೆ ಕೇಳುತ್ತೀರಿ: ಒಂದೇ ನೋಟ ನೋಟವಲ್ಲ. ಪರಸ್ಪರ 90 ಡಿಗ್ರಿಯ ಎರಡು ಚಿತ್ರಗಳು ಬೇಕು, ಏಕೆಂದರೆ ಎದುರಿನಿಂದ ನೆಟ್ಟಗಿರುವ ಮುರಿದ ಮೂಳೆ ಪಕ್ಕದಿಂದ ನೋಡಿದರೆ ಅರ್ಧ ಇಂಚು ಹಿಂದೆ ಸರಿದಿರಬಹುದು. ಮೊಣಕೈಯ ಪಾರ್ಶ್ವ ಚಿತ್ರದಲ್ಲಿ ಭುಜ, ಮೊಣಕೈ, ಮಣಿಕಟ್ಟು ಒಂದೇ ಮಟ್ಟದಲ್ಲಿ, ಮೊಣಕೈ 90 ಡಿಗ್ರಿ ಮಡಚಿ ಇರಬೇಕು ಎಂದು ಹಟ ಹಿಡಿಯುವುದೇಕೆ? ಆ ಭಂಗಿಯಲ್ಲಿ ಕೀಲಿನ ಹಿಂಬದಿಯ ಕೊಬ್ಬಿನ ಪದರ ಸಹಜವಾಗಿ ಕಾಣುವುದಿಲ್ಲ. ಪೆಟ್ಟು ಬಿದ್ದವರಲ್ಲಿ ಅದು ಕಂಡರೆ, ಬಿರುಕಿನ ಗೆರೆ ಎಲ್ಲೂ ಕಾಣದಿದ್ದರೂ ಒಳಗೆ ಬಿರುಕಿರುವ ಅನುಮಾನ ಬಲವಾಗುತ್ತದೆ. ಭಂಗಿ ಕೆಟ್ಟಿದ್ದರೆ ಆ ಸುಳಿವನ್ನು ನಂಬುವಂತಿಲ್ಲ.

ಚಿತ್ರದಲ್ಲಿ ಎಡ, ಬಲ ಎಂದು ತೋರಿಸುವ ಅಕ್ಷರದ ಗುರುತು, ಅಂದರೆ ಮಾರ್ಕರ್ ಬಗ್ಗೆ ಒಂದು ಮಾತು. ಕಂಪ್ಯೂಟರಿನಲ್ಲಿ ಆಮೇಲೆ ಅಕ್ಷರ ಸೇರಿಸಬಹುದು ಎಂಬ ಆಲಸ್ಯ ಎಲ್ಲರಿಗೂ ಬರುತ್ತದೆ. ತರಬೇತಿಯಲ್ಲಿ ಒಮ್ಮೆ ನಾನು ಎಡಗೈಗೆ ಬಲದ ಅಕ್ಷರ ಸೇರಿಸಿದ್ದೆ. ಜೊತೆಗಿದ್ದ ಹಿರಿಯರು ಚಿತ್ರ ಕಳುಹಿಸುವ ಮುನ್ನ ಹಿಡಿದರು. ಬೈಯಲಿಲ್ಲ, ಸುಮ್ಮನೆ ನನ್ನ ಮುಖ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಸೀಸದ ಮಾರ್ಕರನ್ನು ಕಿರಣ ಬೀಳುವ ಜಾಗದಲ್ಲೇ, ಅಂಗದ ಪಕ್ಕದಲ್ಲೇ ಇಡಿ.

ಹೆಜ್ಜೆ 5: ವಿಕಿರಣದ ಸಂಖ್ಯೆಗಳು ನಾಲಿಗೆಯ ತುದಿಯಲ್ಲಿರಲಿ

ವಿಲ್ಹೆಲ್ಮ್ ರಾಂಟ್ಜನ್ 1895ರ ನವೆಂಬರ್ 8ರಂದು ಈ ಕಿರಣವನ್ನು ಕಂಡರು. ಇಂದಿಗೂ ಆ ದಿನವೇ ವಿಶ್ವ ರೇಡಿಯೋಗ್ರಫಿ ದಿನ. ಆಗ ಅದರ ಅಪಾಯ ಯಾರಿಗೂ ತಿಳಿದಿರಲಿಲ್ಲ. ಎಡಿಸನ್ ಅವರ ಸಹಾಯಕ ಕ್ಲಾರೆನ್ಸ್ ಡಾಲಿ ಕೈಗಳನ್ನು ಕಳೆದುಕೊಂಡು 1904ರಲ್ಲಿ ತೀರಿಕೊಂಡರು. ನಮ್ಮ ನಿಯಮಗಳಿಗೆ ಇಂಥವರ ಬೆಲೆ ತೆತ್ತಾಗಿದೆ.

ಅಂತರರಾಷ್ಟ್ರೀಯ ಶಿಫಾರಸಿನಂತೆ ವಿಕಿರಣದ ನಡುವೆ ಕೆಲಸ ಮಾಡುವವರ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ದೇಹಕ್ಕೆ ತಗಲಿದ ವಿಕಿರಣದ ಅಳತೆ), ಯಾವ ಒಂದು ವರ್ಷದಲ್ಲೂ 50 ಮೀರುವಂತಿಲ್ಲ. ಸಾರ್ವಜನಿಕರಿಗೆ 1. ತರಬೇತಿಯಲ್ಲಿರುವ 16ರಿಂದ 18 ವರ್ಷದವರಿಗೆ 6. ಆಯಾ ದೇಶದ ಕಾನೂನು ಇನ್ನೂ ಬಿಗಿಯಾಗಿರಬಹುದು, ಅದನ್ನು ಮೊದಲ ವಾರದಲ್ಲೇ ಓದಿಕೊಳ್ಳಿ. ರೋಗಿಗಳಿಗೆ ಇಂಥ ಮಿತಿ ಇಲ್ಲ. ಅವರಿಗೆ ಎರಡೇ ಪ್ರಶ್ನೆ: ಈ ಪರೀಕ್ಷೆ ನಿಜಕ್ಕೂ ಬೇಕೇ? ಬೇಕಾದರೆ ಸಾಕಾಗುವಷ್ಟೇ ಕಿರಣದಲ್ಲಿ ಮುಗಿಸಬಹುದೇ?

‘ಇದರಿಂದ ಏನಾದರೂ ಆಗುತ್ತದೆಯೇ?’ ಎಂದು ರೋಗಿ ಕೇಳಿಯೇ ಕೇಳುತ್ತಾರೆ. ಉತ್ತರ ಸಿದ್ಧವಿರಲಿ. ಮಣ್ಣು, ಗಾಳಿ, ಆಕಾಶದಿಂದ ಎಲ್ಲರಿಗೂ ವರ್ಷಕ್ಕೆ ಜಾಗತಿಕ ಸರಾಸರಿ ಸುಮಾರು 2.4 ಮಿಲಿಸೀವರ್ಟ್ ತಾನಾಗಿಯೇ ತಗಲುತ್ತದೆ. ಒಂದು ಎದೆಯ ಎಕ್ಸ್‌-ರೇ ಸುಮಾರು 0.02, ಅಂದರೆ ಮೂರು ದಿನದ ಪಾಲು. ಹೊಟ್ಟೆಯ ಸಿ.ಟಿ. 8ರಿಂದ 10ರಷ್ಟಾಗಬಹುದು, ಅದನ್ನು ದಿನಗಳಲ್ಲಲ್ಲ, ವರ್ಷಗಳಲ್ಲಿ ಎಣಿಸಬೇಕು. ‘ಏನೂ ಆಗುವುದಿಲ್ಲ’ ಎಂದು ಹೇಳುವುದಕ್ಕಿಂತ ಈ ಹೋಲಿಕೆ ಪ್ರಾಮಾಣಿಕ, ಧೈರ್ಯವನ್ನೂ ಕೊಡುತ್ತದೆ.

ನಿಮ್ಮ ರಕ್ಷಣೆಗೆ ಸಮಯ, ದೂರ, ತಡೆ ಎಂಬ ಮೂರು ಉಪಾಯಗಳಿವೆ. ಮೂರರಲ್ಲಿ ಅಗ್ಗದ್ದು ದೂರ: ಎರಡು ಹೆಜ್ಜೆ ಹಿಂದೆ ಸರಿದರೂ ಲಾಭವೇ. ನಿಮಗೆ ತಗಲಿದ ವಿಕಿರಣವನ್ನು ಅಳೆಯುವ ಡೋಸ್ ಬ್ಯಾಡ್ಜ್ ಮನೆಯಲ್ಲಿ ಬಿಟ್ಟು ಬರಬೇಡಿ. ಹಳೆಯ ಪುಸ್ತಕಗಳು ರೋಗಿಯ ಜನನಾಂಗಕ್ಕೆ ಯಾವಾಗಲೂ ಸೀಸದ ತಡೆ ಇಡಿ ಎನ್ನುತ್ತವೆ. ಅಮೆರಿಕದ ವೈದ್ಯಕೀಯ ಭೌತಶಾಸ್ತ್ರಜ್ಞರ ಸಂಘ 2019ರಲ್ಲಿ ಆ ವಾಡಿಕೆಯನ್ನು ಕೈಬಿಡಬೇಕೆಂದು ಹೇಳಿತು. ತಡೆ ತಪ್ಪು ಜಾಗದಲ್ಲಿ ಕೂತರೆ ಬೇಕಾದ ಭಾಗವೇ ಮುಚ್ಚಿಹೋಗಿ ಮತ್ತೆ ತೆಗೆಯಬೇಕಾಗುತ್ತದೆ. ನಿಮ್ಮ ಪುಸ್ತಕದ ಮುದ್ರಣ ವರ್ಷ ನೋಡಿಕೊಂಡು ಓದಿ.

ಹೆಜ್ಜೆ 6: ಆಸ್ಪತ್ರೆಯ ದಿನಗಳು

ತರಗತಿಯಲ್ಲಿ ಮುಂದಿದ್ದವರು ಇಲ್ಲಿ ಹಿಂದೆ ಬೀಳುವುದುಂಟು, ಹಿಂದಿದ್ದವರು ಮಿಂಚುವುದೂ ಉಂಟು. ಮೊದಲ ವಾರ ಯಂತ್ರದ ಕಡೆ ಹೋಗಬೇಡಿ. ಕೊಠಡಿಯಲ್ಲಿ ಏನು ಎಲ್ಲಿದೆ, ತುರ್ತು ಕರೆ ಗುಂಡಿ ಎಲ್ಲಿ, ಗಾಲಿಕುರ್ಚಿಯ ಬ್ರೇಕ್ ಹೇಗೆ ಹಾಕುವುದು, ಯಾರನ್ನು ಏನು ಕೇಳಬೇಕು ಎಂಬುದನ್ನು ಕಲಿಯಿರಿ.

ರೋಗಿಯನ್ನು ಗುರುತಿಸುವಾಗ ‘ನೀವು ಇಂಥವರೇ ತಾನೇ?’ ಎಂದು ಕೇಳಬೇಡಿ. ಗಾಬರಿಯಲ್ಲಿರುವವರು, ಕಿವಿ ಮಂದವಿರುವವರು ಎಲ್ಲದಕ್ಕೂ ‘ಹೂಂ’ ಎನ್ನುತ್ತಾರೆ. ಹೆಸರು, ಹುಟ್ಟಿದ ದಿನ ಅವರ ಬಾಯಿಂದಲೇ ಬರಲಿ. ನೋವು ಎಲ್ಲಿ ಎಂದು ತೋರಿಸಲು ಹೇಳಿ, ಕೋರಿಕೆ ಪತ್ರದೊಡನೆ ತಾಳೆ ನೋಡಿ. ಪತ್ರದಲ್ಲಿ ಬಲ ಎಂದಿದ್ದು ಅವರು ಎಡ ತೋರಿಸಿದರೆ ಅಲ್ಲಿಗೇ ನಿಲ್ಲಿಸಿ, ಬರೆದವರನ್ನು ಕೇಳಿ. ಗರ್ಭಿಣಿಯಾಗಿರುವ ಸಾಧ್ಯತೆಯ ಪ್ರಶ್ನೆಯನ್ನು ಬೇರೆಯವರ ಕಿವಿಗೆ ಬೀಳದಂತೆ, ಮುಜುಗರವಿಲ್ಲದ ನೇರ ದನಿಯಲ್ಲಿ ಕೇಳುವುದನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದರೂ ತಪ್ಪಿಲ್ಲ.

ಮುಟ್ಟುವ ಮೊದಲು ಹೇಳಿ. ‘ಈಗ ನಿಮ್ಮ ಸೊಂಟದ ಮೂಳೆ ಹುಡುಕುತ್ತೇನೆ’ ಎಂಬ ಒಂದು ವಾಕ್ಯ ಸಾಕು, ಬಿಗಿದ ಮೈ ಸಡಿಲವಾಗುತ್ತದೆ. ಇನ್ನು, ಪ್ರತಿಯೊಬ್ಬ ವಿದ್ಯಾರ್ಥಿಯೂ ಒಮ್ಮೆ ಮಾಡುವ ತಪ್ಪು: ‘ಉಸಿರು ಎಳೆದು ಹಿಡಿಯಿರಿ’ ಎಂದು ಹೇಳಿ, ಚಿತ್ರ ಬಂದ ಸಂಭ್ರಮದಲ್ಲಿ ‘ಬಿಡಿ’ ಎನ್ನಲು ಮರೆಯುವುದು. ನನ್ನ ಮೊದಲ ರೋಗಿ ಮುಖ ಕೆಂಪಾಗುವವರೆಗೂ ಹಿಡಿದುಕೊಂಡಿದ್ದರು.

ಚಿತ್ರ ಸರಿಯಾಗದಿದ್ದಾಗ ತಕ್ಷಣ ಮತ್ತೊಂದು ತೆಗೆಯಲು ಓಡಬೇಡಿ. ಏನು ತಪ್ಪಾಯಿತು, ಏನನ್ನು ಎಷ್ಟು ಬದಲಿಸಿದರೆ ಸರಿಹೋಗುತ್ತದೆ ಎಂದು ಮೇಲ್ವಿಚಾರಕರಿಗೆ ಬಾಯಿಬಿಟ್ಟು ಹೇಳಿ, ಅವರು ಒಪ್ಪಿದ ಮೇಲೆ ಹೋಗಿ. ಕಾರಣ ತಿಳಿಯದೆ ತೆಗೆದ ಎರಡನೆಯ ಚಿತ್ರದಲ್ಲೂ ಅದೇ ತಪ್ಪಿರುತ್ತದೆ.

ಚಿಕ್ಕ ಪುಸ್ತಕವೊಂದು ಜೇಬಿನಲ್ಲಿರಲಿ. ಅದರಲ್ಲಿ ರೋಗಿಯ ಹೆಸರು ಎಂದೂ ಬರೆಯಬೇಡಿ. ‘ಬಗ್ಗಲಾರದ ಬೆನ್ನು, ಹೀಗೆ ಕೂರಿಸಿದೆವು, ಇಷ್ಟು ಕಿರಣ ಕೊಟ್ಟೆವು, ಚಿತ್ರ ಹೀಗೆ ಬಂತು’ ಎಂಬಂಥ ಟಿಪ್ಪಣಿ ಸಾಕು. ಲಾಗ್‌ಬುಕ್ಕಿಗೆ ಸಹಿ ಅದೇ ದಿನ ಮಾಡಿಸಿ. ತಿಂಗಳ ಕೊನೆಗೆ ಹಿಡಿದುಕೊಂಡು ಹೋದರೆ ಸಹಿ ಮಾಡಬೇಕಾದವರು ರಜೆಯಲ್ಲಿರುತ್ತಾರೆ, ಇದು ಪ್ರಕೃತಿ ನಿಯಮ.

ರೋಗಿ ‘ಮುರಿದಿದೆಯೇ?’ ಎಂದು ಕೇಳುತ್ತಾರೆ. ನಿಮಗೆ ಕಾಣುತ್ತಿದ್ದರೂ ತೀರ್ಪು ಹೇಳುವುದು ನಿಮ್ಮ ಕೆಲಸವಲ್ಲ. ಫಲಿತಾಂಶ ಯಾರಿಂದ, ಎಷ್ಟು ಹೊತ್ತಿಗೆ ಸಿಗುತ್ತದೆ ಎಂದು ತಿಳಿಸಿ. ಆದರೆ ಅಪಾಯಕಾರಿಯಾದದ್ದೇನಾದರೂ ಕಂಡರೆ ಮೇಲ್ವಿಚಾರಕರಿಗೆ ಆಗಲೇ ಹೇಳಿ. ವಿದ್ಯಾರ್ಥಿ ಎಂಬ ಸಂಕೋಚ ಅಲ್ಲಿ ಬೇಡ.

ಹೆಜ್ಜೆ 7: ದೊಡ್ಡ ಯಂತ್ರಗಳು

ಸಿ.ಟಿ., ಎಂ.ಆರ್.ಐ., ಅಲ್ಟ್ರಾಸೌಂಡ್ ಎಲ್ಲವೂ ಪದವಿಯಲ್ಲಿ ಬರುತ್ತವೆ. ಹಲವು ಕಡೆ ಆಳವಾದ ತರಬೇತಿ ಪದವಿಯ ನಂತರವೇ. ಸಿ.ಟಿ.ಯಲ್ಲಿ ಹೌನ್ಸ್‌ಫೀಲ್ಡ್ ಮಾಪನ, ಅಂದರೆ ಯಾವ ವಸ್ತು ಕಿರಣವನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ, ಗಟ್ಟಿ ಮಾಡಿಕೊಳ್ಳಿ: ನೀರು 0, ಗಾಳಿ ಮೈನಸ್ 1000. ಅಯೋಡಿನ್ ಕಾಂಟ್ರಾಸ್ಟ್ (ಚಿತ್ರದಲ್ಲಿ ರಕ್ತನಾಳ, ಅಂಗಗಳು ಎದ್ದು ಕಾಣಲು ಕೊಡುವ ದ್ರವ) ಕೊಡುವ ಮೊದಲು ಅಲರ್ಜಿ, ಮೂತ್ರಪಿಂಡದ ಸ್ಥಿತಿ ಕೇಳುವುದೇಕೆ ಎಂಬುದನ್ನೂ ತಿಳಿಯಿರಿ.

ಎಂ.ಆರ್.ಐ.ನಲ್ಲಿ ವಿಕಿರಣವಿಲ್ಲ ಎಂದು ಮೈಮರೆಯಬೇಡಿ. ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾದ ಆ ಅಯಸ್ಕಾಂತ ಸ್ಕ್ಯಾನ್ ನಡೆಯದಿದ್ದಾಗಲೂ, ರಾತ್ರಿ ದೀಪ ಆರಿಸಿದಾಗಲೂ ಕೆಲಸ ಮಾಡುತ್ತಲೇ ಇರುತ್ತದೆ. ಕಬ್ಬಿಣದ ಆಮ್ಲಜನಕ ಸಿಲಿಂಡರ್ ಅಲ್ಲಿ ಗುಂಡಿನಂತೆ ಹಾರುತ್ತದೆ. ಜೇಬು ಖಾಲಿ ಮಾಡದೆ ಆ ಬಾಗಿಲು ದಾಟಬೇಡಿ. ಹಿರಿಯ ವೈದ್ಯರು ಅವಸರದಲ್ಲಿ ನುಗ್ಗಿದರೂ ತಡೆಯುವ ಧೈರ್ಯ ಇರಲಿ.

ಹೆಜ್ಜೆ 8: ಪರೀಕ್ಷೆ, ಪ್ರಬಂಧ, ಕೊನೆಯ ವರ್ಷ

ಪ್ರಾಯೋಗಿಕ ಪರೀಕ್ಷೆಗೆ ಸ್ನೇಹಿತರನ್ನು ರೋಗಿಯಾಗಿಸಿ, ಯಂತ್ರವನ್ನು ಆಫ್ ಮಾಡಿ, ಗಟ್ಟಿಯಾಗಿ ಹೇಳುತ್ತಾ ಅಭ್ಯಾಸ ಮಾಡಿ. ಸ್ನೇಹಿತರ ಮೇಲೆ ಕಿರಣ ಬಿಡುವುದು ತಮಾಷೆಗೂ ಸಲ್ಲದು. ಅದಕ್ಕೆ ಫ್ಯಾಂಟಮ್ ಎಂಬ ದೇಹದ ಮಾದರಿ ಇದೆ. ಚಿತ್ರ ವಿಮರ್ಶೆಯ ಪ್ರಶ್ನೆಗೆ ಒಳ್ಳೆಯ ತಾಲೀಮು ಎಂದರೆ ದಿನಕ್ಕೆ ಎರಡು ಚಿತ್ರ: ಒಂದು ಸಹಜ, ಒಂದು ಕೆಟ್ಟದ್ದು. ಭಂಗಿ, ಕಿರಣದ ಗುರಿ, ಕೊಲಿಮೇಷನ್ (ಕಿರಣ ಬೀಳುವ ಜಾಗದ ಮಿತಿ), ಮಾರ್ಕರ್, ಎಕ್ಸ್‌ಪೋಷರ್ ಎಂದು ಪ್ರತಿ ಸಲವೂ ಅದೇ ಕ್ರಮದಲ್ಲಿ ನೋಡಿದರೆ ಗಾಬರಿಯಲ್ಲೂ ಕಣ್ಣು ದಾರಿ ತಪ್ಪುವುದಿಲ್ಲ.

ಪ್ರಬಂಧಕ್ಕೆ ವಿಷಯ ಹುಡುಕುವಾಗ ಜಗತ್ತು ಬದಲಿಸಲು ಹೋಗಬೇಡಿ. ತಿರಸ್ಕೃತ ಚಿತ್ರಗಳ ವಿಶ್ಲೇಷಣೆಯಂಥ ಸಣ್ಣ ವಿಷಯ ಸಾಕು: ಯಾವ ಅಂಗದ ಚಿತ್ರಗಳು ಹೆಚ್ಚು ಹಾಳಾಗುತ್ತಿವೆ, ಏಕೆ? ನೈತಿಕ ಸಮಿತಿಯ ಒಪ್ಪಿಗೆಗೆ ನೀವು ಎಣಿಸಿದ್ದಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ, ಹಾಗಾಗಿ ಅರ್ಜಿಯನ್ನು ಮೊದಲೇ ಹಾಕಿ. ನೋಂದಣಿಯ ಅರ್ಜಿಯೂ ಹಾಗೆಯೇ. ಫಲಿತಾಂಶಕ್ಕೆ ಕಾಯುತ್ತಾ ಕೂರದೆ ಬೇಕಾದ ದಾಖಲೆಗಳನ್ನು ಕೊನೆಯ ಸೆಮಿಸ್ಟರಿನಲ್ಲೇ ಒಟ್ಟುಮಾಡಿ.

ಕೆಲಸ ಸಿಕ್ಕಿದ ಮೇಲೆ ಎಡ-ಬಲದ ಸ್ವಂತ ಮಾರ್ಕರ್ ಮಾಡಿಸಿಕೊಳ್ಳಿ, ನಿಮ್ಮ ಹೆಸರಿನ ಮೊದಲಕ್ಷರವನ್ನೂ ಸೇರಿಸಿ. ಎರಡು ಜೊತೆ ಮಾಡಿಸಿ. ಒಂದು ಜೊತೆ ಹಾಸಿಗೆಯ ಹೊದಿಕೆಯೊಡನೆ ಲಾಂಡ್ರಿಗೆ ಹೋಗಿಯೇ ಹೋಗುತ್ತದೆ.